ಕೊಟ್ಟ ಕೈಯ ಲೆಕ್ಕ

ಅಕ್ಕಲಕೋಟದಾಗ, ಸೋಲಾಪುರದಾಗ ಸರಕಾರಿ ಕಚೇರಿಗೆ ಹೋದರ ಬಾಗಿಲ ಹತ್ತಿರ ಒಂದು ಬೋರ್ಡು ಕಾಣತದ. ಲಾಚ ತಗೊಳ್ಳೂದು ಗುನ್ಹೆ, ಲಾಚ ಕೊಡೂದೂ ಗುನ್ಹೆ ಅಂತ ಮರಾಠಿಯೊಳಗ ಬರೆದಿರತಾರ. ಕೆಳಗ ಲಾಚಲುಚಪತ ಪ್ರತಿಬಂಧಕ ವಿಭಾಗದ ಫೋನ್ ನಂಬರ್ 1064 ಇರತದ. ಆ ಬೋರ್ಡು ನಾನು ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. ಮೊದಲನೇ ಮಾತು ಓದಿ ಒಳಗ ಕೂತ ಸಾಹೇಬರ ಕಡೆ ನೋಡತಿದ್ದೆ. ಎರಡನೇ ಮಾತು ನನಗ ಬರೆದದ್ದು ಅಂತ ಬಹಳ ವರ್ಷ ತಿಳಿಯಲಿಲ್ಲ.

ನಮ್ಮ ಹಾಡಿನ ಮೇಳದಾಗ ಹರದೇಶಿ-ನಾಗೇಶಿ ಅಂತ ವಾದದ ಪದ ಅದಾವ. ಹರದೇಶಿಯವರು ಗಂಡಿನ ಪಕ್ಷ ಹಿಡಿತಾರ, ನಾಗೇಶಿಯವರು ಹೆಣ್ಣಿನ ಪಕ್ಷ ಹಿಡಿತಾರ, ಬೆಳತನಕ ಸವಾಲು ಜವಾಬು ನಡೀತದ. ಎರಡೂ ಪಕ್ಷದ ಮಾತು ಕೇಳಿದ ಮ್ಯಾಲ ಕೂತ ಜನ ತಾವೇ ತೀರ್ಮಾನ ಮಾಡತಾರ. ಈ ಲಂಚದ ಮಾತನ್ನೂ ಹಂಗೇ ಎರಡು ಪಕ್ಷ ಮಾಡಿ ಕೇಳಬೇಕು ಅಂತ ನನಗ ಅನಸ್ಯದ. ಪ್ರಶ್ನೆ ಇಷ್ಟೇ. ಲಂಚ ತಗೊಂಡವ ತಪ್ಪುಗಾರ, ಇದರಾಗ ವಾದ ಇಲ್ಲ. ಕೊಟ್ಟವನ ಪಾಲು ಎಷ್ಟು?

ಒಂದು ಪಕ್ಷದವರು ಅಂತಾರ: "ಕೊಡದಿದ್ದರ ಕೆಲಸ ಆಗೂದಿಲ್ಲ. ದಾರಿಯೊಳಗ ದರೋಡೆ ಮಾಡಿದರ ದುಡ್ಡು ಕಳಕೊಂಡವನ ಮ್ಯಾಲ ಕೇಸ್ ಹಾಕತಾರೇನು?" ಇನ್ನೊಂದು ಪಕ್ಷದವರು ಅಂತಾರ: "ಕೊಡುವ ಕೈ ಇರೂದಕ್ಕೇ ತಗೊಳ್ಳುವ ಕೈ ಚಾಚಿಕೊಂಡದ. ಸಾಲಿನಾಗ ನಿಂತ ಹತ್ತು ಮಂದಿಯನ್ನ ಬಿಟ್ಟು ನಿನ್ನ ಕಾಗದ ಮುಂದ ಹೋಯಿತಲ್ಲ, ಆ ಹತ್ತು ಮಂದಿಗೆ ದರೋಡೆ ಮಾಡಿದವ ಯಾರು?"

ಎರಡೂ ಮಾತು ಖರೆ ಅನಸತಾವ. ಅದಕ್ಕ ಬರೇ ವಾದದಿಂದ ಇದು ಬಗೆಹರಿಯೂದಿಲ್ಲ. ನನ್ನ ಸ್ವಂತ ಜೀವನದಾಗ ನಡೆದ ಮೂರು ಸಂಗತಿ ಹೇಳತೀನಿ, ನೀವೇ ತೂಗಿ ನೋಡರಿ.

ಮೊದಲನೇದು 1972ರ ಬರಗಾಲದ್ದು. ಆಗ ನಾನು ಹನ್ನೊಂದು ವರ್ಷದ ಹುಡುಗ. ಬೋರಿ ಹಳ್ಳ ಒಣಗಿ ಉಸುಕು ಆಗಿತ್ತು. ಮಹಾರಾಷ್ಟ್ರ ಸರಕಾರ ಅಲ್ಲಲ್ಲಿ ದುಷ್ಕಾಳಿ ಕೆಲಸ ತೆಗೆದಿತ್ತು. ರಸ್ತೆ, ಕೆರೆ, ಕಲ್ಲು ಒಡೆಯುವ ಕೆಲಸ. ನಮ್ಮವ್ವ ರಸ್ತೆ ಮ್ಯಾಲ ಖಡಿ ಒಡೆಯಲಿಕ್ಕೆ ಹೋಗತಿದ್ದಳು. ನಾನು ಹಿಂದಿಂದ ಹೋಗಿ ಅಲ್ಲಿ ಕೊಡುತ್ತಿದ್ದ ಸುಕಡಿ ತಿಂದು ಬರತಿದ್ದೆ. ನಮ್ಮಪ್ಪ ಆಗ ಸೋಲಾಪುರದ ಗಿರಣಿಯಾಗ ಬದಲಿ ಕೆಲಸಕ್ಕ ಹೋಗಿದ್ದ. ಆದರ ಆ ರಸ್ತೆಯ ಹಜೇರಿ ಪುಸ್ತಕದಾಗ ಅಪ್ಪನ ಹೆಸರೂ ಇತ್ತು. ವಾರಕ್ಕೊಮ್ಮೆ ಅಪ್ಪನ ಹೆಸರಿನ ಪಗಾರ ಯಾರೋ ಎತ್ತತಿದ್ದರು. ಅವ್ವಗ ಗೊತ್ತಿತ್ತು. ಬಾಯಿ ತೆಗೆದರ ತನ್ನ ಹೆಸರೂ ಹೊಡೆದು ಹಾಕತಾರ ಅಂತ ಸುಮ್ಮನಿದ್ದಳು. ಅವಳು ಸಾಯೂಕಿಂತ ಎರಡು ವರ್ಷ ಮೊದಲು ಒಂದು ದಿನ ಒಲಿ ಮುಂದ ಕೂತು ಹೇಳಿದಳು: "ನಿಮ್ಮಪ್ಪ ಒಡೀದ ಕಲ್ಲಿಗಿ ಪಗಾರ ಆತಪ್ಪಾ. ನಾ ನೋಡಿ ನೋಡದಂಗ ಕುಂತೆ." ನಲವತ್ತು ವರ್ಷ ಆ ಮಾತು ಅವಳ ಹೊಟ್ಟಿಯೊಳಗ ಇತ್ತು.

ಎರಡನೇದು ನಮ್ಮಪ್ಪ ತೀರಿಕೊಂಡ ಮ್ಯಾಲಿನದು. ಹೊಲ ನನ್ನ ಹೆಸರಿಗೆ ಆಗಬೇಕಿತ್ತು. ವಾರಸ ನೋಂದ ಆಗಬೇಕು, ಫೇರಫಾರ ಬೀಳಬೇಕು, ಆಮ್ಯಾಲ ಸಾತಬಾರಾ ಉತಾರದಾಗ ಹೆಸರು ಬರಬೇಕು. ಕಾಗದ ಎಲ್ಲಾ ಕೊಟ್ಟು ಮೂರು ತಿಂಗಳು ತಿರುಗಿದೆ. ಇವತ್ತು ಸಾಹೇಬರು ಮೀಟಿಂಗಿಗೆ ಹೋಗ್ಯಾರ, ನಾಳೆ ಬರ್ರಿ. ನಾಳೆ ಹೋದರ ಅದೇ ಮಾತು. ಮಿರಗದ ಮಳಿ ಬರುವ ಹೊತ್ತು, ತೊಗರಿ ಬಿತ್ತಬೇಕು, ಉತಾರ ಇಲ್ಲದ ಬ್ಯಾಂಕಿನವರು ಪೀಕಕರ್ಜ ಕೊಡೂದಿಲ್ಲ. ಕಡೀಕ ಒಬ್ಬ ಮಧ್ಯಸ್ಥ ಸಿಕ್ಕ. "ಕಾಗದದ ಮ್ಯಾಲ ಸ್ವಲ್ಪ ವಜನ ಇಡ್ರಿ ಕಾಕಾ, ಗಾಳಿಗೆ ಹಾರೂದಿಲ್ಲ" ಅಂದ. ಎರಡು ಸಾವಿರ ಕೊಟ್ಟೆ. ಎಂಟು ದಿನದಾಗ ಕೆಲಸ ಆಯಿತು. ಯಾವ ಕಚೇರಿ, ಯಾರು ಅಂತ ಇಲ್ಲಿ ಬರೆಯೂದಿಲ್ಲ. ಆಗ ಬರೀಬೇಕಾಗಿತ್ತು, ಬರೀಲಿಲ್ಲ. ಈಗ ಹೆಸರು ಹೇಳೂದು ಸೇಡು ಆಗತದ.

ಮೂರನೇದು ಹೇಳಲಿಕ್ಕೆ ಎಲ್ಲಕ್ಕಿಂತ ಕಷ್ಟ, ಅದನ್ನ ಸ್ವಲ್ಪ ಹಿಂದ ಇಡತೀನಿ. ಅದಕ್ಕಿಂತ ಮೊದಲು ನಮ್ಮ ದೇಶದ ಸರಕಾರ ಈ ರೋಗಕ್ಕ ಏನು ಔಷಧ ಮಾಡ್ಯದ ಅನ್ನೂದು ನೋಡೋಣ. "ಸರಕಾರ ಏನೂ ಮಾಡಿಲ್ಲ" ಅಂತ ನಾವು ಕಟ್ಟಿ ಮ್ಯಾಲ ಕೂತು ಬಾಯಿಗೆ ಬಂದಂಗ ಅಂತೀವಿ. ಅದು ಪೂರ್ತಿ ಖರೆ ಅಲ್ಲ.

ಸ್ವಾತಂತ್ರ್ಯ ಬಂದ ವರ್ಷ 1947ರಾಗೇ ಭ್ರಷ್ಟಾಚಾರ ತಡೆಯುವ ಕಾಯದೆ ಬಂದಿತ್ತು. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಗೃಹಮಂತ್ರಿ ಇದ್ದಾಗ 1962ರಲ್ಲಿ ಸಂತಾನಂ ಸಮಿತಿ ನೇಮಿಸಿದರು. ಆ ಸಮಿತಿ ಹೇಳಿದಂತೆ 1964ರಲ್ಲಿ ಕೇಂದ್ರ ಜಾಗೃತ ಆಯೋಗ ಹುಟ್ಟಿತು. ಹಳೇ ಕಾಯದೆ ತೆಗೆದು 1988ರಲ್ಲಿ ಹೊಸ ಭ್ರಷ್ಟಾಚಾರ ತಡೆ ಕಾಯದೆ ಮಾಡಿದರು. ನಮ್ಮ ಮಹಾರಾಷ್ಟ್ರ 1971ರಲ್ಲಿ ಲೋಕಾಯುಕ್ತ ಕಾಯದೆ ಮಾಡಿತು. ಆಗಿನ ಅಹಮದನಗರ ಜಿಲ್ಲೆಯ ರಾಳೇಗಣ ಸಿದ್ಧಿಯ ಅಣ್ಣಾ ಹಜಾರೆಯವರು ಹೋರಾಟ ಮಾಡಿದ್ದಕ್ಕ 2002ರಲ್ಲಿ ನಮ್ಮ ರಾಜ್ಯದಾಗ ಮಾಹಿತಿ ಹಕ್ಕಿನ ಕಾಯದೆ ಬಂತು. 2005ರಲ್ಲಿ ಅದು ಇಡೀ ದೇಶಕ್ಕ ಬಂತು. ಹತ್ತು ರೂಪಾಯಿ ತುಂಬಿ ಅರ್ಜಿ ಕೊಟ್ಟರ 30 ದಿನದಾಗ ಮಾಹಿತಿ ಕೊಡಬೇಕು ಅಂತ ನಿಯಮ. ಜಗತ್ತಿನ ದೇಶಗಳೆಲ್ಲಾ ಕೂಡಿ 2003ರಲ್ಲಿ ವಿಶ್ವಸಂಸ್ಥೆಯೊಳಗ ಭ್ರಷ್ಟಾಚಾರದ ವಿರುದ್ಧ ಒಂದು ಒಪ್ಪಂದ ಮಾಡಿಕೊಂಡವು. ಅದಕ್ಕ ನಮ್ಮ ದೇಶ 2011ರಲ್ಲಿ ಪಕ್ಕಾ ಒಪ್ಪಿಗೆ ಕೊಟ್ಟಿತು.

ಅದೇ 2011ರಲ್ಲಿ ಅಣ್ಣಾ ಹಜಾರೆ ದಿಲ್ಲಿಯಾಗ ಲೋಕಪಾಲ ಕಾಯದೆಗಾಗಿ ಉಪವಾಸ ಕೂತರು. ನಮ್ಮೂರ ಹುಡುಗರೂ ಬಿಳೇ ಟೊಪ್ಪಿಗಿ ಹಾಕ್ಕೊಂಡು ಪ್ರಭಾತಫೇರಿ ತೆಗೆದಿದ್ದರು. ಲೋಕಪಾಲದ ಮಸೂದೆ ಮೊದಲು ಲೋಕಸಭೆಗೆ ಬಂದದ್ದು 1968ರಲ್ಲಿ. ಕಾಯದೆ ಪಾಸಾದದ್ದು 2013ರ ಡಿಸೆಂಬರದಾಗ. ಮೊದಲನೇ ಲೋಕಪಾಲರು ಕುರ್ಚಿ ಮ್ಯಾಲ ಕೂತದ್ದು 2019ರಲ್ಲಿ. ಲೆಕ್ಕ ಹಾಕರಿ, 51 ವರ್ಷ. ನಾನು ಒಂದನೇ ಎರಡನೇ ಇಯತ್ತೆ ಕಲಿಯುವಾಗ ಹೊಲಿಯಲಿಕ್ಕೆ ಹಾಕಿದ ಅಂಗಿ ನನಗ ಮೊಮ್ಮಕ್ಕಳಾದ ಮ್ಯಾಲ ಬಂದಂಗಾಯಿತು.

ಆಚೆ ಕಡೆ ನಮ್ಮ ಬೀಗರ ನಾಡು ಕರ್ನಾಟಕದ ಕಥೆ ಕೇಳರಿ. ಅಲ್ಲಿಯ ಲೋಕಾಯುಕ್ತರಾದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು 2011ರಲ್ಲಿ ಬಳ್ಳಾರಿಯ ಅಕ್ರಮ ಗಣಿಗಾರಿಕೆ ಮ್ಯಾಲ ವರದಿ ಕೊಟ್ಟಾಗ ಮುಖ್ಯಮಂತ್ರಿಗಳೇ ಕುರ್ಚಿ ಬಿಡಬೇಕಾಯಿತು. ಮುಂದ 2016ರಲ್ಲಿ ಬೇರೆ ಸರಕಾರ ಎ.ಸಿ.ಬಿ. ಅಂತ ಇನ್ನೊಂದು ಸಂಸ್ಥೆ ಮಾಡಿ ಲೋಕಾಯುಕ್ತ ಪೊಲೀಸರ ಕೆಲಸ ಅದಕ್ಕ ಕೊಟ್ಟಿತು. 2022ರಲ್ಲಿ ಹೈಕೋರ್ಟು ಆ ಎ.ಸಿ.ಬಿ.ಯನ್ನ ರದ್ದು ಮಾಡಿ ಕೆಲಸ ಮತ್ತ ಲೋಕಾಯುಕ್ತಕ್ಕೇ ಕೊಟ್ಟಿತು. ಅಂದರ ಕಾವಲುಗಾರ ಜೋರಾಗಿ ಕೂಗಿದರ ಮನಿ ಮಾಲಕನೇ ಅವನ ಕೋಲು ಕಸಗೊಳ್ಳುವುದೂ ಉಂಟು.

ಇಷ್ಟೆಲ್ಲಾ ಬರೆದದ್ದು ಯಾಕಂದ್ರ, ಯೋಜನೆ ಇಲ್ಲ ಅನ್ನೂದು ತಪ್ಪು, ಯೋಜನೆ ಮಾಡಿದರ ರೋಗ ಹೋಗತದ ಅನ್ನೂದೂ ತಪ್ಪು. ಬಾಗಿಲು ಮಾಡ್ಯಾರ. ಬಾಗಿಲದಾಗ ಹೋಗುವವರು ಬೇಕು.

ಈಗ ನನ್ನ ಪ್ರಶ್ನೆಗೆ ಬರತೀನಿ. ಕೊಟ್ಟವನ ಪಾಲು ಎಷ್ಟು? ಇದಕ್ಕ ದೇಶದ ಕಾಯದೆ 2018ರಲ್ಲಿ ಒಂದು ಉತ್ತರ ಕೊಟ್ಟದ. 1988ರ ಕಾಯದೆ ತಿದ್ದುಪಡಿ ಮಾಡಿ ಲಂಚ ಕೊಟ್ಟವನಿಗೂ 7 ವರ್ಷದ ತನಕ ಶಿಕ್ಷೆ ಆಗಬಹುದು ಅಂತ ಬರೆದರು. ಆದರ ಜೊತೆಗೇ ಒಂದು ಸಡಿಲು ಇಟ್ಟರು. ಬಲವಂತಕ್ಕ ಕೊಟ್ಟವನು 7 ದಿನದೊಳಗ ಪೊಲೀಸರಿಗೋ ತನಿಖೆಯವರಿಗೋ ಹೇಳಿದರ ಅವನ ಮ್ಯಾಲ ಗುನ್ಹೆ ಇಲ್ಲ. ಕೊಡೂಕಿಂತ ಮೊದಲೇ ಹೋಗಿ ಹೇಳಿದರ ಇನ್ನೂ ಚಲೋ. ಲಾಚಲುಚಪತ ವಿಭಾಗದವರು ನೋಟಿಗೆ ಪುಡಿ ಹಚ್ಚಿ, ಇಬ್ಬರು ಪಂಚರನ್ನ ಜೊತೆ ಕಳಿಸಿ, ತಗೊಂಡವನನ್ನ ಕೈಯೊಳಗ ನೋಟಿರುವಾಗಲೇ ಹಿಡಿತಾರ. ಪೇಪರದಾಗ ಆಗಾಗ ಓದತೀವಿ.

ಈ 7 ದಿನದ ಮಾತು ನಾನು ಬಹಳ ವಿಚಾರ ಮಾಡೀನಿ. ಕಾಯದೆ ಬರೆದವರು ವಕೀಲರು, ಆದರ ಇದರೊಳಗ ಒಂದು ಧರ್ಮದ ಮಾತು ಅಡಗ್ಯದ. ಅವರು ಏನು ಹೇಳ್ಯಾರಂದ್ರ, "ಬಲವಂತಕ್ಕ ಕೊಟ್ಟೆ ಅಂತೀಯಲ್ಲ, ಒಪ್ಪಿದೆ. ಬಲವಂತ ಮಾಡಿದವನ ಎದುರು ನಿಲ್ಲಲಿಕ್ಕೆ ಆ ಹೊತ್ತಿಗೆ ಧೈರ್ಯ ಇರಲಿಲ್ಲ, ಅದೂ ಒಪ್ಪಿದೆ. ಆದರ ಮನಿಗೆ ಬಂದಿ, ಉಂಡಿ, ಮಲಗಿದಿ. ಏಳು ರಾತ್ರಿ ವಿಚಾರ ಮಾಡು. ಎಂಟನೇ ದಿನಾನೂ ಸುಮ್ಮನಿದ್ದರ ಅದು ಬಲವಂತ ಅಲ್ಲ, ಒಪ್ಪಿಗೆ." ದರೋಡೆಯವನಿಗೂ ಲಂಚ ಕೊಟ್ಟವನಿಗೂ ವ್ಯತ್ಯಾಸ ಇಲ್ಲೇ ಅದ. ದರೋಡೆ ಆದವ ಮರುದಿನ ಊರೆಲ್ಲಾ ಹೇಳಕೋತ ತಿರುಗತಾನ. ಲಂಚ ಕೊಟ್ಟವ ಹೇಳೂದಿಲ್ಲ, ಹೇಳಿದರೂ "ನನ್ನ ಕೆಲಸ ಎಂಟು ದಿನದಾಗ ಮಾಡಿಸಿಕೊಂಡೆ ನೋಡು" ಅಂತ ಮೀಸಿ ತಿರುವಿ ಹೇಳತಾನ. ನಾನೂ ಹಂಗೇ ಹೇಳೀನಿ. ಆ ಎರಡು ಸಾವಿರದ ಮಾತು ನಾಲ್ಕು ಮಂದಿಗೆ ಹೇಳಿದೆ, ನಾಲ್ಕೂ ಮಂದಿ ಅದೇ ಮಧ್ಯಸ್ಥನ ಹತ್ತಿರ ಹೋದರು. ನನ್ನ ಕೆಲಸ ಕಾಡಿಸಿದವರ ಹತ್ತಿರ ನಾನೇ ಗಿರಾಕಿ ಕಳಿಸಿದೆ. ಕೊಟ್ಟದ್ದು ಅರ್ಧ ಬಲವಂತ ಇರಬಹುದು. ದಾರಿ ತೋರಿಸಿದ್ದು ಪೂರ್ತಿ ನಂದು.

ಇನ್ನು ಮೂರನೇ ಸಂಗತಿ. ಕೆಲವು ವರ್ಷದ ಹಿಂದ ನಮ್ಮ ಮೇಳಕ್ಕ ಒಂದು ಪ್ರಚಾರದ ಕಾರ್ಯಕ್ರಮ ಸಿಕ್ಕಿತು. ಹಳ್ಳಿ ಹಳ್ಳಿಗೆ ಹೋಗಿ ಸರಕಾರದ ಯೋಜನೆ ಬಗ್ಗೆ ಗೀಗೀ ಪದ ಹಾಡೂದು. ಅದರಾಗ ಒಂದು ಪದ "ಲಂಚ ಕೊಡಬ್ಯಾಡರಿ" ಅನ್ನೂದು ಇತ್ತು. ನಾನೇ ಕಟ್ಟಿದ್ದೆ. ಐದು ಮಂದಿ ಮೇಳ, ದಪ್ಪು ತುಂತುಣಿ ತಾಳ ತಗೊಂಡು ಎಸ್.ಟಿ.ಯಾಗ ಹೋಗಿ ನಾಲ್ಕು ಊರಾಗ ಹಾಡಿದೆವು. ಜನ ಚಪ್ಪಾಳೆ ಹೊಡೆದರು. ಕಡೀಗೆ ದುಡ್ಡು ತಗೊಳ್ಳಲಿಕ್ಕೆ ಹೋದಾಗ ಒಬ್ಬರು ಐದು ಸಾವಿರ ಎಣಿಸಿ ಕೊಟ್ಟು, ವೌಚರು ಮುಂದ ಇಟ್ಟು ರೆವಿನ್ಯೂ ತಿಕೀಟಿನ ಮ್ಯಾಲ ಸಹಿ ಮಾಡರಿ ಅಂದರು. ವೌಚರಿನಾಗ ಎಂಟು ಸಾವಿರ ಬರೆದಿತ್ತು. ಅಂಕಿ ಮರಾಠಿಯೊಳಗ ಇತ್ತು, ಆದರ ನನಗ ಓದಲಿಕ್ಕೆ ಬರತದ. ನಾನು ಏಳನೇ ಇಯತ್ತೆ ತನಕ ಕನ್ನಡ ಸಾಲಿ ಕಲಿತವ, ಸಹಿ ಮಾಡೂಕಿಂತ ಮೊದಲು ಓದಬೇಕು ಅಂತ ನಮ್ಮ ಗುರುಗಳು ಹೇಳಿದ್ದು ನನಗ ನೆನಪು ಅದ. ಓದಿದೆ. ಅವರ ಮುಖ ನೋಡಿದೆ. ಅವರು ನಕ್ಕು "ಮುಂದಿನ ಕಾರ್ಯಕ್ರಮನೂ ನಿಮಗೇ" ಅಂದರು. ಸಹಿ ಮಾಡಿದೆ.

ಇಲ್ಲಿ ಬಲವಂತ ಏನಿತ್ತು? ಮಿರಗದ ಮಳಿ ಬರೂದಿತ್ತೇನು? ಬ್ಯಾಂಕಿನ ಕರ್ಜ ನಿಂತಿತ್ತೇನು? ಏನೂ ಇರಲಿಲ್ಲ. ಮುಂದಿನ ಕಾರ್ಯಕ್ರಮದ ಆಸೆ ಇತ್ತು, ಅಷ್ಟೇ. ಅವ್ವ ಹಸಿವಿಗೆ ಸುಮ್ಮನಿದ್ದಳು. ಹೊಲದ ಕಾಗದಕ್ಕ ನಾನು ಅರ್ಧ ಅಂಜಿಕೆಯಿಂದ ಕೊಟ್ಟೆ. ವೌಚರಿಗೆ ಪೂರ್ತಿ ಆಸೆಯಿಂದ ಸಹಿ ಮಾಡಿದೆ. ಮೂರೂ ಒಂದೇ ತೂಕ ಅಲ್ಲ. ದೂರದಿಂದ ನೋಡಿದರ ಮೂರೂ "ಭ್ರಷ್ಟಾಚಾರ" ಅನ್ನುವ ಒಂದೇ ಚೀಲದಾಗ ಬೀಳತಾವ. ಹತ್ತಿರದಿಂದ ನೋಡಿದರ ಒಂದೊಂದರಾಗ ನಮ್ಮ ಪಾಲು ಬ್ಯಾರೆ ಬ್ಯಾರೆ. ನಮ್ಮ ಪಾಲು ಎಷ್ಟು ಅಂತ ತಿಳಕೊಳ್ಳೂದೇ ಈ ವಿಷಯದಾಗ ಧರ್ಮದ ಮೊದಲ ಮೆಟ್ಟಿಲು ಅಂತ ನನ್ನ ತಿಳಿವಳಿಕೆ.

ಮಧ್ಯದ ಕೈ ತೆಗೆದರ ಎಲ್ಲಾ ಸರಿ ಆಗತದ ಅಂತ ಬಹಳ ಮಂದಿ ಹೇಳತಾರ. ಅದರಾಗ ಖರೆ ಅದ. ಪಿ.ಎಂ. ಕಿಸಾನದ ದುಡ್ಡು ವರ್ಷಕ್ಕ 6000, ಎರಡೆರಡು ಸಾವಿರದಂತೆ ಮೂರು ಸಲ ಸೀದಾ ಖಾತೆಗೆ ಬರತದ, ಯಾರಿಗೂ ಕೈ ಮುಗಿಯೂದು ಬೇಡ. ಸಾತಬಾರಾ ಉತಾರ ಈಗ ಮೊಬೈಲಿನಾಗ 15 ರೂಪಾಯಿಗೆ ಡಿಜಿಟಲ್ ಸಹಿ ಸಮೇತ ಸಿಗತದ. ಇದು ಸಣ್ಣ ಸುಖ ಅಲ್ಲ. ನಮ್ಮಪ್ಪ ಒಂದು ಉತಾರಕ್ಕ ಎರಡು ದಿನದ ಕೂಲಿ ಕಳಕೋತಿದ್ದ. ಆದರ ಮಧ್ಯದ ಕೈ ಹೋದ ಮ್ಯಾಲ ಏನಾಯಿತು? ಆದಾಯ ತೆರಿಗೆ ತುಂಬುವವರೂ, ಹಕ್ಕು ಇಲ್ಲದವರೂ ಪಿ.ಎಂ. ಕಿಸಾನದ ದುಡ್ಡು ತಗೊಂಡರು, ಸರಕಾರ ವಸೂಲಿ ನೋಟೀಸು ಕಳಿಸಬೇಕಾಯಿತು. ಅಲ್ಲಿ ಸಾಹೇಬ ಇರಲಿಲ್ಲ, ಮಧ್ಯಸ್ಥ ಇರಲಿಲ್ಲ. ಸುಳ್ಳು ಬರೆದ ಕೈ ನಮ್ಮಂಥ ರೈತರದೇ ಇತ್ತು.

"ಕೋಟಿ ನುಂಗಿದವರು ಆರಾಮ ಅದಾರ, ನೀವು ಬಡವರ ಎರಡು ಸಾವಿರದ ಲೆಕ್ಕ ಹಿಡಕೊಂಡು ಕೂತೀರಲ್ಲ ಕಾಕಾ" ಅಂತ ನಮ್ಮ ಸಾಲಿಯ ಒಬ್ಬ ಗುರುಗಳು ನನಗ ಕೇಳಿದರು. ಬರೋಬ್ಬರಿ ಪ್ರಶ್ನೆ. ನಾ ಹೇಳಿದ್ದು ಇಷ್ಟು: ಕೋಟಿಯ ಬಿಲ್ಲು ಒಂದೇ ಸಹಿಯಿಂದ ಪಾಸ್ ಆಗೂದಿಲ್ಲ ಗುರುಗಳೇ. ಮ್ಯಾಲ ದೊಡ್ಡ ಸಹಿ, ಕೆಳಗ ನೂರು ಸಣ್ಣ ಸಹಿ. ಬರದ ರಸ್ತೆಯೊಳಗ ಹಾಕದ ಖಡಿಗೆ ಹಾಕ್ಯಾರ ಅಂತ ಹೆಬ್ಬೆಟ್ಟು ಒತ್ತಿದವರು ನಮ್ಮವರೇ. ದೊಡ್ಡವರನ್ನ ಹಿಡಿಯುವ ಕೆಲಸ ಲೋಕಪಾಲರದು, ಕೋರ್ಟಿನದು. ಅವರು ಮಾಡಲಿ, ಮಾಡದಿದ್ದರ ಬಾಯಿ ಮಾಡೋಣ. ಆದರ ನಮ್ಮ ಹೆಬ್ಬೆಟ್ಟಿನ ಕಾವಲು ದಿಲ್ಲಿಯವರು ಕಾಯಲಿಕ್ಕೆ ಆಗೂದಿಲ್ಲ.

ಈಗ ನಮ್ಮ ಜಿಲ್ಲೆಯ ಎರಡು ಹಳೇ ಕಥೆ ಹೇಳತೀನಿ. ಎರಡೂ ಮಂಗಳವೇಢೆಯವು. ಭಜನಿಯೊಳಗ, ಕೀರ್ತನದೊಳಗ ನೀವೂ ಕೇಳೀರಿ.

ಮಂಗಳವೇಢೆ ಅಂದರ ಶರಣರ ಕಾಲದ ಮಂಗಳವಾಡ, ಕಳಚುರಿ ಬಿಜ್ಜಳನ ಊರು. ಬಸವಣ್ಣನವರು ಮೊದಲು ಅಲ್ಲಿಯೇ ಕರಣಿಕ ಕೆಲಸಕ್ಕ ಇದ್ದರು, ಮುಂದ ಕಲ್ಯಾಣದಾಗ ಭಂಡಾರಿ ಆದರು. ಭಂಡಾರದ ಹೊನ್ನು ಜಂಗಮರಿಗೆ ಹಂಚತಾನ ಅಂತ ಬಿಜ್ಜಳನ ಕಿವಿಗೆ ಚಾಡಿ ಹೋಯಿತು ಅಂತ ಪುರಾಣದಾಗ ಹೇಳತಾರ. ಬಿಜ್ಜಳ ಲೆಕ್ಕ ಕೇಳಿದ. ಬಸವಣ್ಣನವರು "ನನ್ನ ಮ್ಯಾಲ ಸಂಶಯ ಮಾಡತೀರೇನು" ಅಂತ ಸಿಟ್ಟಿಗೇಳಲಿಲ್ಲ. ಭಂಡಾರ ತೆರೆದು ಎಣಿಸಿ ನೋಡರಿ ಅಂದರು. ಎಣಿಸಿದರ ಒಂದು ಹೊನ್ನೂ ಕಡಿಮೆ ಇರಲಿಲ್ಲ. ನಾವು ಈ ಕಥೆ ಹೇಳುವಾಗ ಪವಾಡದ ಕಡೆ ನೋಡತೀವಿ. ನಾನು ಈಗ ಕೀಲಿಕೈ ಕಡೆ ನೋಡತೀನಿ. ಲೆಕ್ಕ ಕೇಳಿದರ ಅವಮಾನ ಅಂತ ತಿಳಿಯದೆ ಕೀಲಿ ತೆಗೆದು ಕೊಟ್ಟರಲ್ಲ, ಅದು ದೊಡ್ಡದು. ಇವತ್ತು ಗ್ರಾಮಸಭೆಯೊಳಗ ಒಬ್ಬ ಹುಡುಗ ಎದ್ದು ಲೆಕ್ಕ ಕೇಳಿದರ "ಇವನು ಯಾವ ಪಾರ್ಟಿಯವ" ಅಂತ ಕೇಳತೀವಿ.

ಎರಡನೇದು ದಾಮಾಜಿ ಪಂತರ ಕಥೆ. ಬಹಮನಿ ಬಾದಶಹರ ಕಾಲ. ಮಂಗಳವೇಢೆಯ ಸರಕಾರಿ ಕಣಜದ ಕೀಲಿ ದಾಮಾಜಿಯವರ ಕೈಯಾಗ ಇತ್ತು. ಭೀಕರ ಬರ ಬಿತ್ತು, ಜನ ಸಾಯಲಿಕ್ಕೆ ಹತ್ತಿದರು. ದಾಮಾಜಿ ಬಾದಶಹನ ಹುಕುಂ ಇಲ್ಲದ ಕಣಜ ತೆರೆದು ಜ್ವಾಳ ಹಂಚಿದರು. ಸುದ್ದಿ ಬೀದರಿಗೆ ಮುಟ್ಟಿತು, ಕೈಗೆ ಬೇಡಿ ಬಿತ್ತು. ಅಷ್ಟರೊಳಗ ಪಂಢರಪುರದ ವಿಠ್ಠಲ, ವಿಠೂ ಮಹಾರನ ವೇಷದಾಗ ಹೋಗಿ ಜ್ವಾಳದ ದುಡ್ಡು ಪೂರಾ ತುಂಬಿ ಪಾವತಿ ತಗೊಂಡ ಅಂತ ಕಥೆ. ನೋಡರಿ, ದೇವರು ಸುದ್ಧಾ ದುಡ್ಡು ಕೊಟ್ಟು ಪಾವತಿ ತಗೊಂಡ!

ದಾಮಾಜಿಯವರು ನಿಯಮ ಮುರಿದದ್ದು ಖರೆ. ಹಂಗಾದರ ಅವರೂ ಭ್ರಷ್ಟರೇನು? ಇದನ್ನ ನಾನು ಹಾಡುವಾಗ ಎಷ್ಟೋ ಸಲ ವಿಚಾರ ಮಾಡೀನಿ. ಮೂರು ಮಾತು ಕೇಳಿದರ ವ್ಯತ್ಯಾಸ ತಿಳಿತದ. ಒಂದು, ಅದರಾಗಿನ ಒಂದು ಸೇರು ಜ್ವಾಳ ಅವರ ಮನಿಗೆ ಹೋಯಿತೇನು? ಇಲ್ಲ. ಎರಡು, ರಾತ್ರಿ ಕತ್ತಲದಾಗ ತೆರೆದರೇನು, ಹಗಲು ಎಲ್ಲರ ಎದುರಿಗೆ ತೆರೆದರೇನು? ಹಗಲು ತೆರೆದರು. ಮೂರು, ಮಾಡಿದ್ದಕ್ಕ ಶಿಕ್ಷೆ ಬಂದಾಗ ಓಡಿ ಹೋದರೇನು? ಇಲ್ಲ, ಬೇಡಿಗೆ ಕೈ ಕೊಟ್ಟರು. ತಾ ತಿನ್ನಲಿಲ್ಲ, ಮುಚ್ಚಿಡಲಿಲ್ಲ, ತಪ್ಪಿಸಿಕೊಳ್ಳಲಿಲ್ಲ. ಒಬ್ಬ ತಲಾಠಿ ಬಡ ವಿಧವೆಯ ಕೆಲಸ ಒಂದು ಕಾಗದ ಕಡಿಮೆ ಇದ್ದರೂ ಮಾಡಿಕೊಟ್ಟರ ಅವನನ್ನೂ ಈ ಮೂರು ಮಾತಿನ ತಕ್ಕಡಿಯಾಗ ಇಟ್ಟು ನೋಡಬಹುದು. ನನ್ನ ವೌಚರನ್ನ ಇಟ್ಟು ನೋಡಿದೆ. ಮೂರರಾಗ ಒಂದಕ್ಕೂ ಅದು ನಿಲ್ಲಲಿಲ್ಲ.

ಆ ತೂಕ ಆದ ಮ್ಯಾಲ ನಿದ್ದಿ ಬರಲಿಲ್ಲ. ಏಳು ದಿನ ಅಲ್ಲ, ಏಳು ತಿಂಗಳು ಆಗಿತ್ತು. ಆದರೂ ಒಬ್ಬ ಗುರುಗಳ ಕಡೆಯಿಂದ ಮರಾಠಿಯೊಳಗ ಒಂದು ಅರ್ಜಿ ಬರೆಸಿ ಆ ಕಚೇರಿಗೆ ರಜಿಸ್ಟರ್ ಟಪಾಲಿನಿಂದ ಕಳಿಸಿದೆ. "ನಾನು ತಗೊಂಡದ್ದು ಐದು ಸಾವಿರ, ಸಹಿ ಮಾಡಿದ್ದು ಎಂಟು ಸಾವಿರಕ್ಕ, ಇದು ನನ್ನ ತಪ್ಪು" ಅಂತ. ಉತ್ತರ ಬರಲಿಲ್ಲ. ಕಾರ್ಯಕ್ರಮಾನೂ ಮತ್ತ ಬರಲಿಲ್ಲ. ಮೇಳದಾಗ ದಪ್ಪು ಬಾರಿಸುವವ ನನ್ನಕಿಂತ ಬಡವ. ಅವನು ಬಂದು "ಮಾಮಾ, ನೀ ಖರೆ ಹೇಳಿದಿ, ಚಲೋ ಆತು. ನಮ್ಮ ಹೊಟ್ಟಿಮ್ಯಾಲ ಯಾಕ ಕಾಲಿಟ್ಟಿ? ಒಂದು ಮಾತು ಕೇಳಬಾರದಾಗಿತ್ತೇನು?" ಅಂದ. ಅವನು ಈಗ ನಮ್ಮ ಮೇಳಕ್ಕ ಬರೂದಿಲ್ಲ. ಅವನ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಜವಾಬು ಇಲ್ಲ. ಸಹಿ ಮಾಡುವಾಗ ಅವನನ್ನ ಕೇಳಲಿಲ್ಲ, ಅರ್ಜಿ ಬರೆಯುವಾಗಲೂ ಕೇಳಲಿಲ್ಲ. ಒಬ್ಬನೇ ತಪ್ಪು ಮಾಡಿ, ಒಬ್ಬನೇ ಪುಣ್ಯ ಕಟ್ಟಿಕೊಳ್ಳಲಿಕ್ಕೆ ಹೋದೆ.

ಅದರಿಂದ ನಾನು ಕಲಿತದ್ದು ಇದು. ಒಬ್ಬನೇ ಧೈರ್ಯ ಮಾಡಿದರ ಅವನಿಗೂ ಪೆಟ್ಟು, ಅವನ ಜೊತೆಗಿದ್ದವರಿಗೂ ಪೆಟ್ಟು. ಹತ್ತು ಮಂದಿ ಕೂಡಿ ಲೆಕ್ಕ ಕೇಳಿದರ ಯಾರಿಗೂ ಪೆಟ್ಟು ಬೀಳೂದಿಲ್ಲ. ರಾಜಸ್ಥಾನದಾಗ ಮಜದೂರ ಕಿಸಾನ ಶಕ್ತಿ ಸಂಘಟನೆಯವರು 1994ರಲ್ಲಿ ಇದನ್ನ ಮಾಡಿ ತೋರಿಸಿದರು. ಹಜೇರಿ ಪುಸ್ತಕ, ಬಿಲ್ಲು ತಂದು ಊರ ಜನರನ್ನ ಕೂಡಿಸಿ ಹೆಸರು ಹೆಸರು ಓದಿದರು. ಅದಕ್ಕ ಜನಸುನವಾಯಿ ಅಂತ ಹೆಸರು. ಯಾರದರೆ ಹೆಸರು ಓದಿದಾಗ "ನಾ ಆ ಕೆಲಸಕ್ಕ ಹೋಗೇ ಇಲ್ಲ" ಅಂತ ಎದ್ದು ಹೇಳತಿದ್ದರು. ನನಗ ಇದು ತಿಳಿದಾಗ ಅವ್ವ ನೆನಪಾದಳು. 1972ರಲ್ಲಿ ನಮ್ಮ ರಸ್ತೆಯ ಹಜೇರಿ ಹಂಗ ಗಟ್ಟಿಯಾಗಿ ಓದಿದ್ದರ ಅವ್ವ ಒಬ್ಬಳೇ ಬಾಯಿ ತೆಗೆಯುವ ಕೆಲಸ ಇರತಿರಲಿಲ್ಲ. ಅಪ್ಪನ ಹೆಸರು ಕೇಳಿದ ಕೂಡಲೇ ಇಡೀ ಊರೇ ನಗತಿತ್ತು. ಆ ಜನಸುನವಾಯಿಯ ಬೇರಿನಿಂದಲೇ ಮಾಹಿತಿ ಹಕ್ಕು ಬೆಳೀತು, ರೋಜಗಾರ ಹಮಿಯ 2005ರ ಕಾಯದೆಯೊಳಗ ಗ್ರಾಮಸಭೆಯೇ ಲೆಕ್ಕ ತಪಾಸಣೆ ಮಾಡಬೇಕು ಅನ್ನುವ ಕಲಮು ಬಂತು.

ನಮ್ಮ ಭಾಗದಾಗ ಇನ್ನೊಂದು ತೊಡಕು ಅದ, ಅದನ್ನ ಹೇಳದಿದ್ದರ ಈ ಲೇಖನ ಅರ್ಧ ಆಗತದ. ನಾವು ಮನಿಯಾಗ ಕನ್ನಡ ಮಾತಾಡತೀವಿ, ಕಚೇರಿ ಕಾಗದ ಎಲ್ಲಾ ಮರಾಠಿ. ಇದರಾಗ ಯಾರದೂ ತಪ್ಪಿಲ್ಲ, ನಾವು ಮಹಾರಾಷ್ಟ್ರದವರು, ಮರಾಠಿಯೂ ನಮ್ಮದೇ. ಆದರ ಕನ್ನಡ ಸಾಲಿ ಕಲಿತ ಹೆಣ್ಣುಮಗಳಿಗೆ, ಹಿರಿಯರಿಗೆ ಸರಕಾರಿ ಮರಾಠಿ ಓದಿದರ ತಿಳಿಯೂದಿಲ್ಲ. ತಿಳಿಯದ ಕಡೆ ಮಧ್ಯಸ್ಥ ಹುಟ್ಟತಾನ. ಅರ್ಜಿ ಬರೆಯಲಿಕ್ಕೆ ನೂರು, ತುಂಬಲಿಕ್ಕೆ ನೂರು, "ಸಾಹೇಬರಿಗೆ" ಅಂತ ಐದುನೂರು. ಇದರಾಗ ಸಾಹೇಬರಿಗೆ ಎಷ್ಟು ಮುಟ್ಟಿತು, ಮುಟ್ಟಿತೋ ಇಲ್ಲೋ ದೇವರಿಗೇ ಗೊತ್ತು. ಓದಿ ಹೇಳುವವರು ಇಲ್ಲದ್ದಕ್ಕ ನಾವು ತುಂಬುವ ದಂಡ ಇದು. 2015ರ ಸೇವಾ ಹಕ್ಕು ಕಾಯದೆ ಪ್ರಕಾರ ಯಾವ ದಾಖಲೆ ಎಷ್ಟು ದಿನದಾಗ ಕೊಡಬೇಕು, ಫೀ ಎಷ್ಟು ಅಂತ ಕಚೇರಿಯಲ್ಲಿ ಬೋರ್ಡು ಹಚ್ಚಬೇಕು. ಆ ಬೋರ್ಡು ಓದಿ ಕನ್ನಡದಾಗ ಬರೆದು ನಮ್ಮ ವಾಚನಾಲಯದ ಗೋಡೆಗೆ ಹಚ್ಚಿದರ ಅರ್ಧ ಮಧ್ಯಸ್ಥರು ಬ್ಯಾರೆ ಉದ್ಯೋಗ ನೋಡಕೋತಾರ.

ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟುವುದನ್ನೇ ಕಾಯಕ ಮಾಡಿಕೊಂಡರು. ಸಿದ್ಧೇಶ್ವರ ಗುಡಿ ಸುತ್ತಲಿನ ಆ ನೀರು ಸೋಲಾಪುರಕ್ಕ ಹೋದವರೆಲ್ಲಾ ನೋಡೀವಿ. ಸಾರ್ವಜನಿಕ ಕೆಲಸ ಅಂದರ ಏನು ಅಂತ ಕಲಿಯಲಿಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಕೆರೆಯ ನೀರು ಎಲ್ಲರದು, ಹಂಗಾದರ ಕೆರೆಯ ಲೆಕ್ಕಾನೂ ಎಲ್ಲರದು.

ನಮ್ಮ ರಾಜ್ಯದಾಗ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಗ್ರಾಮಸಭೆಯ ದಿನ. ಆವತ್ತು ನಾವು ಝೇಂಡಾ ಏರಿಸಿ, ಚಹಾ ಕುಡಿದು, ಹಜೇರಿ ಪುಸ್ತಕದಾಗ ಸಹಿ ಮಾಡಿ ಮನಿಗೆ ಬರತೀವಿ. ಏನು ಠರಾವು ಆಯಿತು ಅಂತ ಯಾರೂ ಕೇಳೂದಿಲ್ಲ. ಅದೂ ಓದದೆ ಮಾಡಿದ ಸಹಿಯೇ. ನಾನು ವಾಚನಾಲಯದವರಿಗೆ ಒಂದು ಮಾತು ಬೇಡಿಕೊಳ್ಳತೀನಿ. ಪ್ರತಿ ಗ್ರಾಮಸಭೆಯ ಹಿಂದಿನ ರಾತ್ರಿ ಊಟ ಆದ ಮ್ಯಾಲ ಇಲ್ಲಿ ಕೂಡೋಣ. ಪಂಚಾಯತಿಗೆ ಬಂದ ದುಡ್ಡು, ಖರ್ಚಾದ ದುಡ್ಡು ಈಗ ಈ-ಗ್ರಾಮಸ್ವರಾಜ ಅಂತ ಮೊಬೈಲಿನಾಗೇ ಕಾಣತದ. ಗುರುಗಳು ಅದನ್ನ ತೆಗೆದು ಕನ್ನಡದಾಗ ಗಟ್ಟಿಯಾಗಿ ಓದಲಿ. ಯಾರ ಮ್ಯಾಲೂ ಆರೋಪ ಬೇಡ, ಬೈಗುಳ ಬೇಡ, ಪಾರ್ಟಿ ಬೇಡ. ಬರೇ ಓದೂದು. ಗಟಾರಕ್ಕ ಇಷ್ಟು, ನಳಕ್ಕ ಇಷ್ಟು, ದೀಪಕ್ಕ ಇಷ್ಟು. ಕೇಳಿದವರು ಮರುದಿನ ಮುಂಜಾನೆ ಗಟಾರ ನೋಡಕೋತ ಹೋಗತಾರ, ಅಷ್ಟು ಸಾಕು. ಸರಪಂಚರೂ ಗ್ರಾಮಸೇವಕರೂ ಬರಲಿ. ಚಲೋ ಕೆಲಸ ಮಾಡಿದವರಿಗೆ ಇದರಿಂದ ಹೆಸರೇ ಬರತದ.

ಕೊಟ್ಟವನ ಪಾಲು ಎಷ್ಟು ಅಂತ ಕೇಳಿ ಶುರು ಮಾಡಿದ್ದೆ. ನನ್ನ ಜವಾಬು ಇದು. ಹಸಿದವನ ಮೌನಕ್ಕ ಕಡಿಮೆ, ಅಂಜಿದವನ ಕೈಗೆ ಅದಕ್ಕಿಂತ ಹೆಚ್ಚು, ಆಸೆಯ ಸಹಿಗೆ ಪೂರ್ತಿ. ಆದರ ಮೂರಕ್ಕೂ ಒಂದೇ ಪ್ರಾಯಶ್ಚಿತ್ತ ಅದ, ಮುಚ್ಚಿಟ್ಟದ್ದನ್ನ ನಾಲ್ಕು ಮಂದಿ ಎದುರು ಓದೂದು. ನಾವು ಮೊದಲ ಸಲ ಕೂಡಿದ ರಾತ್ರಿ ಪಂಚಾಯತಿ ಲೆಕ್ಕಕ್ಕಿಂತ ಮೊದಲು ನನ್ನ ವೌಚರಿನ ಲೆಕ್ಕ ನಾನೇ ಓದತೀನಿ. ದಪ್ಪಿನವನಿಗೂ ಬಾ ಅಂತ ಹೇಳಿ ಕಳಿಸೀನಿ. ಬರತಾನೋ ಇಲ್ಲೋ, ನೋಡೋಣ.